ದಾನಪತ್ರದ ಕರಾರು

ಮುಂಬಯಿಯ ವಿದ್ಯಾದಾನದ ಮಾತು ಬಂದೊಡನೆ ನಮ್ಮ ಲೇಖಕರ ದೃಷ್ಟಿಯು ತಪ್ಪದೆ ರಾಜಾಬಾಯಿ ಗೋಪುರದ ಶಿಖರಕ್ಕೇರುವುದು ರೂಢಿಯಾಗಿ ಹೋಗಿದೆ. ಬೈಕುಲ್ಲಾದ ಲವ್ ಲೇನಿನ ಪ್ರೇಮೋದ್ಯಾನವೆಂಬ ಬಂಗಲೆಯಲ್ಲಿ ವಾಸಿಸಿದ ಪ್ರೇಮಚಂದ ರಾಯಚಂದರು, ಹತ್ತಿಯ ವ್ಯಾಪಾರವು ಉನ್ಮಾದಕ್ಕೇರಿದ್ದ 1864ರಲ್ಲಿ, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿಗಳನ್ನೂ ತಾಯಿಯ ಹೆಸರಿನ ಗಡಿಯಾರಗೋಪುರಕ್ಕೆ ಮತ್ತೆರಡು ಲಕ್ಷಗಳನ್ನೂ ಕೊಟ್ಟ ಕಥೆ ಎಲ್ಲರಿಗೂ ಬಾಯಿಪಾಠ. ಗೋಪುರವು ಸುಂದರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಶ್ರೀಮಂತರು ಕಲ್ಕತ್ತೆಯ ವಿಶ್ವವಿದ್ಯಾಲಯಕ್ಕೆ ಕೊಟ್ಟ ಧನದಿಂದ ಹುಟ್ಟಿದ ವಿದ್ಯಾರ್ಥಿವೇತನವು ಆಶುತೋಷ ಮುಖರ್ಜಿ, ಜದುನಾಥ ಸರ್ಕಾರರಂಥವರನ್ನು ಪೋಷಿಸಿತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತಾರೆ? ಒಂದೇ ಕೈ ಕೊಟ್ಟ ಎರಡು ದಾನಗಳಲ್ಲಿ ಕಣ್ಣಿಗೆ ಕಾಣುವುದಕ್ಕೆ ಕೀರ್ತಿ ಬಂದಿತು, ಕಾಣದುದು ಮರೆಯಾಯಿತು. ಈ ಪಕ್ಷಪಾತವು ನಮ್ಮ ವಿಮರ್ಶೆಯ ದೋಷವೇ ಹೊರತು ದಾನಿಯದಲ್ಲ.

ಕಾಲೇಜಿಗೆ ಕೊಟ್ಟ ಹಣವು ವಿದ್ಯಾರ್ಥಿಗೂ ಊರಿಗೂ ಹೇಗೆ ಫಲಿಸುವುದೆಂದು ತಿಳಿಯಬೇಕಾದವರು ಬೈಕುಲ್ಲಾದ ಜೆ.ಜೆ. ಆಸ್ಪತ್ರೆಯ ಆವರಣಕ್ಕೆ ಬರಬೇಕು. ಜಮ್ಶೆಟ್‌ಜಿ ಜೀಜೀಭಾಯಿಯವರು ಆಸ್ಪತ್ರೆಗಾಗಿ ಲಕ್ಷ ರೂಪಾಯಿಗಳನ್ನು ಕೊಡಮಾಡಿದಾಗ ಅದನ್ನು ಸುಮ್ಮನೆ ಕೊಡಲಿಲ್ಲ. ಕಂಪನಿ ಸರಕಾರವೂ ಅಷ್ಟೇ ಹಣವನ್ನು ಹಾಕಬೇಕೆಂಬ ಕರಾರನ್ನು ಅದಕ್ಕೆ ಕಟ್ಟಿದರು. 1838ರಲ್ಲಿ ಗವರ್ನರ್ ರಾಬರ್ಟ್ ಗ್ರಾಂಟರು ತೀರಿಕೊಂಡ ಬಳಿಕ ಅವರ ಸ್ಮಾರಕವಾಗಿ ವೈದ್ಯಕಾಲೇಜು ಸ್ಥಾಪಿತವಾಗಬೇಕೆಂದು ನಿಶ್ಚಯವಾದಾಗಲೂ ಅದೇ ಕ್ರಮ: ಅರ್ಧ ಸಾರ್ವಜನಿಕರ ವಂತಿಗೆ, ಅರ್ಧ ಸರಕಾರದ ಬೊಕ್ಕಸ. 1843ರಲ್ಲಿ ಶಂಕುಸ್ಥಾಪನೆ, 1845ರಲ್ಲಿ ಆಸ್ಪತ್ರೆ ಕಾಲೇಜುಗಳೆರಡರ ಪ್ರಾರಂಭ.

ಈ ಸಮಭಾಗದ ಕರಾರನ್ನು ಚರಿತ್ರಕಾರರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ದಾನದ ಪ್ರತಿಭೆಯಿರುವುದು ಅಲ್ಲಿಯೇ. ಕರಾರಿಲ್ಲದ ಲಕ್ಷವು ಲಕ್ಷವಾಗಿಯೇ ಉಳಿದು, ಗೋಡೆಯಾಗಿ, ಮಳೆಗಾಲಕ್ಕೊಮ್ಮೆ ಸೋರುತ್ತ ಮುಗಿದುಹೋಗುತ್ತಿತ್ತು. ಕರಾರು ಕಟ್ಟಿದ ಲಕ್ಷವು ಮೊದಲ ದಿನವೇ ಇಮ್ಮಡಿಯಾದುದು ಅದರ ಅಲ್ಪಫಲ. ಯಾವ ಸರಕಾರವು ತನ್ನ ಹಣವನ್ನು ಹಾಕಿತೋ ಅದು ಆ ಸಂಸ್ಥೆಯನ್ನು ಕೈಬಿಡಲು ನಾಚುವಂತಾದುದು ಮಹಾಫಲ. ಪ್ರಾಧ್ಯಾಪಕರ ಸಂಬಳವನ್ನೂ ಔಷಧದ ಖರ್ಚನ್ನೂ ಯಾವ ಸಾಹುಕಾರನೂ ತಲೆಮಾರುಗಳವರೆಗೆ ಹೊರಲಾರ. ಹೊರಬೇಕಾದವರನ್ನು ಹೊರುವಂತೆ ಕಟ್ಟಿಹಾಕುವುದಷ್ಟೇ ಅವನಿಂದ ಸಾಧ್ಯ. ಕಾಲೇಜೂ ಆಸ್ಪತ್ರೆಯೂ ಒಂದೇ ಆವರಣದಲ್ಲಿದ್ದುದರಿಂದ ವಿದ್ಯಾರ್ಥಿಯ ಪಾಠ ಬಡರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ನಡೆಯಿತು, ಮತ್ತು ಅವನ ಕಲಿಕೆಯೇ ರೋಗಿಗೆ ಶುಶ್ರೂಷೆಯಾಯಿತು. 1851ರ ಮೊದಲ ಪದವೀಧರರ ತಂಡದಲ್ಲಿದ್ದ ಭಾವೂ ದಾಜಿಯವರು ಬಡವರಿಗೆ ಧರ್ಮಾರ್ಥ ಚಿಕಿತ್ಸೆ ನಡೆಸಿದರು, ಕುಷ್ಠರೋಗಕ್ಕೆ ಮದ್ದನ್ನರಸಿದರು. ಇಂದು ರಾಣಿಬಾಗಿನ ವಸ್ತುಸಂಗ್ರಹಾಲಯಕ್ಕೆ ಅವರದೇ ಹೆಸರು. ಕೊಟ್ಟ ಊರಿಗೆ ಬಡ್ಡಿಸಮೇತ ಮರಳಿದ ದಾನಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ಬೇಕೆ? ಬೊಂಬಾಯಿ ಪ್ರಾಂತದಲ್ಲಿಯೇ ಇದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳಿಗೆ ಸಮೀಪದಲ್ಲಿ ಹುಬ್ಬಳ್ಳಿಯ ವೈದ್ಯಕಾಲೇಜು ಒದಗಿದುದು 1957ರಲ್ಲಿ. ಅಲ್ಲಿಯವರೆಗೆ ಆ ಜಿಲ್ಲೆಗಳ ತರುಣರಿಗೂ ಈ ಬೈಕುಲ್ಲಾದ ದ್ವಾರ ತೆರೆದಿತ್ತೆಂಬುದನ್ನು ಕನ್ನಡಿಗರಾದ ನಾವು ಮರೆಯಲಾಗದು.

ಇಲ್ಲಿ ನೀತಿವಾದಿಗಳಾದ ವಿಮರ್ಶಕರು ಎದ್ದು ನಿಲ್ಲುತ್ತಾರೆ. ಜಮ್ಶೆಟ್‌ಜಿಯವರ ಸಂಪತ್ತಿನ ಒಂದು ದೊಡ್ಡ ಭಾಗವು ಚೀನಾದ ಅಫೀಮಿನ ವ್ಯಾಪಾರದಿಂದ ಬಂದುದು, 1842ರಲ್ಲಿ ನೈಟ್ ಪದವಿಯೂ 1857ರಲ್ಲಿ ಬ್ಯಾರನೆಟ್ ಪದವಿಯೂ ದೊರೆತುವು, ಆದುದರಿಂದ ದಾನವೆಂಬುದು ಬಿರುದಿನ ಬೆಲೆಯೇ ಎಂದು ಅವರ ವಾದ. ಹೇಳಿದ ಸಂಗತಿಗಳೆಲ್ಲ ನಿಜ. ತೀರ್ಮಾನ ಮಾತ್ರ ಅಗ್ಗದ್ದು. ಹಣದ ಮೂಲವನ್ನು ವಿಚಾರಿಸುವುದು ನ್ಯಾಯವೇ. ಆದರೆ ಆ ವಿಚಾರಣೆ ಮುಗಿದೊಡನೆ ತಮ್ಮ ಕೆಲಸವೂ ಮುಗಿಯಿತೆಂದು ಇವರು ಲೇಖನಿಯನ್ನು ಕೆಳಗಿಡುತ್ತಾರಲ್ಲ, ಅದು ಸೋಮಾರಿತನ. ಅಫೀಮಿನ ಪಾಪ ಕ್ಯಾಂಟನ್ನಿನಲ್ಲಿ ಎಷ್ಟಾಯಿತೆಂದು ಲೆಕ್ಕ ಹಾಕುವವನು ಬೈಕುಲ್ಲಾದಲ್ಲಿ ಪದವಿ ಪಡೆದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ? ಇವರೊಡನೆ ಹೋರಾಡುವ ಇನ್ನೊಂದು ಪಕ್ಷ, ಅಂದರೆ ಸ್ಮರಣಸಂಚಿಕೆಗಳ ಸ್ತೋತ್ರಪಾಠಕರು, ಇನ್ನೂ ಕೆಟ್ಟವರು. ಅವರಿಗೆ ದಾನಿಗಳೆಲ್ಲ ಕರ್ಣರೇ. ಎರಡು ಪಕ್ಷಗಳೂ ನೋಡುವುದು ದಾನಿಯ ಮುಖವನ್ನು, ಓದದಿರುವುದು ದಾನಪತ್ರವನ್ನು.

ದಾನಪತ್ರವನ್ನು ಓದಿದ್ದರೆ, 1883ರಲ್ಲಿ ಗ್ರಾಂಟ್ ಕಾಲೇಜಿನಲ್ಲಿ ಸ್ತ್ರೀಯರಿಗೆ ಪ್ರವೇಶ ದೊರೆತುದರ ಮರ್ಮವೂ ತಿಳಿಯುತ್ತಿತ್ತು. ಜಾರ್ಜ್ ಕಿಟ್ರೆಜ್, ಸೊರಾಬ್‌ಜಿ ಶಾಪುರ್‌ಜಿ ಬೆಂಗಾಲಿಯವರು ಕೂಡಿಸಿದ ನಿಧಿಯು ಹಣಕ್ಕಿಂತ ಹೆಚ್ಚಾಗಿ ಒತ್ತಾಯವಾಗಿತ್ತು: ಹೆಂಗಸರಿಗೆ ವೈದ್ಯ ಬೇಕು, ಆ ವೈದ್ಯರು ಹೆಂಗಸರೇ ಆಗಿರಬೇಕು. ಧನವು ಬಾಗಿಲನ್ನು ತೆರೆಸಿದುದಕ್ಕೆ ಇದೊಂದು ಪುರಾವೆ.

ಕಟ್ಟಡದ ದಾನಕ್ಕೂ ಒಂದು ಮಾತು ಸಲ್ಲಬೇಕು. ಕಾವಸ್‌ಜಿ ಜಹಾಂಗೀರ್ ರೆಡಿಮನಿಯವರ ನೆರವಿನಿಂದ ಎಲ್ಫಿನ್‌ಸ್ಟನ್ ಕಾಲೇಜಿಗೆಂದು ರಾಣಿಬಾಗಿನ ಎದುರಿಗೆ ಎದ್ದ ಮಂದಿರದಲ್ಲಿ ಕಾಲೇಜು ಬಹುಕಾಲ ನಿಲ್ಲಲಿಲ್ಲ. ಆಮೇಲೆ ಬಂದ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯೂ 1923ರಲ್ಲಿ ಮಾಟುಂಗಕ್ಕೆ ಹೊರಟುಹೋಯಿತು. ಈಗ ಅಲ್ಲಿ ರೈಲ್ವೆಯ ಆಸ್ಪತ್ರೆ. ಕಲ್ಲು ಉಳಿಯಿತು, ಉದ್ದೇಶ ಎರಡು ಬಾರಿ ಬದಲಾಯಿತು.

ನಮ್ಮವರಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯರು ಈ ರಹಸ್ಯವನ್ನು ಬಲ್ಲವರಾಗಿದ್ದರು. 1906ರಲ್ಲಿ ಗತಿಸಿದ ಅವರು ಆಸ್ತಿಯನ್ನೇ ವಿದ್ಯಾರ್ಥಿಗಳ ಪಾಲಿಗೆ ಬರೆದಿಟ್ಟರು. ಭೂಮಿಯ ಉತ್ಪನ್ನವು ಪ್ರತಿವರ್ಷವೂ ಹೊಸ ಹುಡುಗರ ಶುಲ್ಕವಾಯಿತು. ಬೆಳಗಾವಿಯ ಕಾಲೇಜಿಗೆ ಅವರ ಹೆಸರು ಬಂದುದು 1933ರಲ್ಲಿ, ಅವರು ತೀರಿಕೊಂಡು ಇಪ್ಪತ್ತೇಳು ವರ್ಷಗಳ ಮೇಲೆ. ಮುಂಬಯಿಯ ನಮ್ಮ ಹೋಟೆಲು ಮಾಲೀಕರ ಔದಾರ್ಯವು ಯಾರಿಗೂ ಕಡಿಮೆಯದಲ್ಲ. ಆದರೆ ಅವರು ಕೊಡಲು ಬಂದಾಗ ನಮ್ಮ ಸಂಘಗಳ ಕಾರ್ಯದರ್ಶಿಗಳು ಮೊದಲು ತೋರಿಸುವುದು ಸಭಾಭವನದ ನಕ್ಷೆಯನ್ನು, ಅಮೃತಶಿಲೆಯ ಫಲಕಕ್ಕೆ ತೆಗೆದಿಟ್ಟ ಜಾಗವನ್ನು. ರಾತ್ರಿ ಶಾಲೆಯಿಂದ ಹತ್ತನೆಯ ತರಗತಿ ದಾಟಿ ಬಂದ ಹುಡುಗನ ಮೂರು ವರ್ಷಗಳ ಪದವಿಯ ಶುಲ್ಕಕ್ಕೆ ಎಷ್ಟು ಮೂಲಧನ ಬೇಕು, ಅದರ ಬಡ್ಡಿಯನ್ನು ಬೇರೆಡೆಗೆ ತಿರುಗಿಸದಂತೆ ಯಾವ ಕರಾರನ್ನು ಬರೆಯಬೇಕು ಎಂಬ ಕಾಗದವನ್ನು ಅವರ ಮುಂದಿಟ್ಟ ಕಾರ್ಯದರ್ಶಿಯನ್ನು ನಾನಿನ್ನೂ ಕಂಡಿಲ್ಲ.