ಐವತ್ತೊಂದು ಎಳೆಗಳು

ಕುವೈತಿನ ಶುಐಬಾ ಬಂದರಿನ ಬೆಳಗಿನ ಪಾಳಿಗೆ ಹೊರಡುವ ಮುನ್ನ ಚಹಾ ಹೀರುತ್ತ ಫೋನಿನಲ್ಲಿ ಅರಬ್ಬೀ ಸಮುದ್ರದ ನಕ್ಷೆ ಬಿಡಿಸುವ ಸುಖ ನನ್ನದು. ಗ್ರೀನಿಚ್‌ನ ನಡುರಾತ್ರಿ ನಮಗಿಲ್ಲಿ ಬೆಳಗಿನ ಜಾವ 3 ಗಂಟೆ. ಆ ಹೊತ್ತಿನ ಅಳತೆಗಳನ್ನೆಲ್ಲ ಅರಗಿಸಿಕೊಂಡು ಅಮೆರಿಕದ ಹವಾಮಾನ ಮಾದರಿ ಜಿಎಫ್‌ಎಸ್ ಏಳರ ಸುಮಾರಿಗೆ ತನ್ನ ಚಿತ್ರಗಳನ್ನು ಬಿಡಿಸತೊಡಗುತ್ತದೆ. ಯುರೋಪಿನ ಇಸಿಎಂಡಬ್ಲ್ಯುಎಫ್ ನಿಧಾನಿ, ಹತ್ತರ ತನಕ ಕಾಯಿಸುತ್ತದೆ. ಕಾದದ್ದಕ್ಕೆ ಎಂದೂ ಬೇಸರವಾಗಿಲ್ಲ.

2023ರ ಜೂನ್ 6ರಂದು ಆ ನಕ್ಷೆಯ ಕಡಲಿನಲ್ಲಿ ಬಿಪರ್‌ಜಾಯ್ ಚಂಡಮಾರುತ ಹುಟ್ಟಿತು. ನನ್ನ ಮನೆ ಮಲ್ಪೆಯಲ್ಲಿ. ಹಾಗಾಗಿ ಆ ವಾರದ ನೋಟದಲ್ಲಿ ಎದೆಯ ಡವಡವವೂ ಬೆರೆತಿತ್ತು. ತಮ್ಮ ಫೋನಿನಲ್ಲಿ, "ಬೋಟೆಲ್ಲ ಧಕ್ಕೆಯಲ್ಲೇ ಉಂಟಣ್ಣ, ತೆರೆ ಮಾತ್ರ ಭಾರೀ ಜೋರು" ಎಂದ. ಮಳೆಗಾಲದ ಮೀನುಗಾರಿಕೆ ನಿಷೇಧ ಅದಾಗಲೇ ಶುರುವಾಗಿತ್ತು, ಅದೊಂದು ಸಮಾಧಾನ.

ಇಂದಿನ ಗಾಳಿ, ಒತ್ತಡ, ತೇವವನ್ನು ಎಷ್ಟು ಜತನದಿಂದ ಅಳೆದರೂ ಕೂದಲೆಳೆಯಷ್ಟು ತಪ್ಪು ಉಳಿದೇ ಉಳಿಯುತ್ತದೆ. ಆ ತಪ್ಪನ್ನು ಮುಚ್ಚಿಡದೆ, ಆರಂಭವನ್ನೇ ಚೂರುಚೂರು ಅತ್ತಿತ್ತ ಸರಿಸಿ ಮುನ್ಸೂಚನೆಯ ಅದೇ ಲೆಕ್ಕವನ್ನು 51 ಸಲ ಮಾಡುತ್ತಾರೆ ಯುರೋಪಿನವರು. ಎಂಥ ಸೊಗಸಾದ ವಿನಯ! ಒಂದೊಂದು ಲೆಕ್ಕಕ್ಕೂ ಚಂಡಮಾರುತದ ಒಂದೊಂದು ದಾರಿ, ಒಂದೊಂದು ದಾರಿಗೂ ಒಂದೊಂದು ಎಳೆ. ಈ ಎಳೆಗಳ ನಕ್ಷೆಯನ್ನು ಸ್ಪ್ಯಾಗೆಟಿ ಎಂದು ಕರೆದವರು ಅಮ್ಮನ ಸೇಮಿಗೆ ಮಣೆಯನ್ನು ಕಂಡಿರಲಿಕ್ಕಿಲ್ಲ. ಬೆಂದ ಅಕ್ಕಿಹಿಟ್ಟಿನ ಬಿಸಿ ಉಂಡೆಯನ್ನಿಟ್ಟು ಒತ್ತಿದರೆ, ಸಣ್ಣ ಸಣ್ಣ ಕಣ್ಣುಗಳಿಂದ ನುಣ್ಣಗೆ, ಹಬೆಯಾಡುತ್ತ, ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಇಳಿದು ಬಾಳೆಲೆಯ ಮೇಲೆ ಚೆದರುತ್ತಿದ್ದ ಆ ಎಳೆಗಳೇ ಇವು.

ಬಿಪರ್‌ಜಾಯ್‌ನ ಮೊದಲ ದಿನಗಳಲ್ಲಿ ನಕ್ಷೆಯ ಎಳೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಕೆಲವು ಒಮಾನಿನತ್ತ, ಕೆಲವು ಕರಾಚಿಯತ್ತ, ಕೆಲವು ಗುಜರಾತಿನತ್ತ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಅಧಿಕ ಒತ್ತಡದ ದಿಬ್ಬ. ನಡುವೆ ಸಿಕ್ಕಿಕೊಂಡ ಬಿಪರ್‌ಜಾಯ್‌ಗೆ ದಾರಿ ತೋರುವ ಗಾಳಿಯೇ ಬಲವಾಗಿರಲಿಲ್ಲ. ಅದು ತಡೆತಡೆದು, ತೂಗಿತೂಗಿ ಉತ್ತರಕ್ಕೆ ಸರಿಯಿತು. ಅದರ ಈ ಅನುಮಾನವೆಲ್ಲ ಎಳೆಗಳ ಹರವಿನಲ್ಲಿ ಕಾಣುತ್ತಿತ್ತು. ಒಂದೇ ಗೆರೆ ಎಳೆದು ತೋರಿಸುವ ನಕ್ಷೆಗೆ ಈ ರುಚಿ ಎಲ್ಲಿಂದ ಬರಬೇಕು?

ಆಮೇಲೆ, ನಾನು ಹಂಬಲಿಸಿ ಕಾಯುವ ಆ ಗಳಿಗೆ. ದಿನಕ್ಕಿಷ್ಟು, ದಿನಕ್ಕಿಷ್ಟು ಎನ್ನುವಂತೆ ಎಳೆಗಳು ಒಳಸರಿಯತೊಡಗಿದವು. ಒಮಾನಿನ ಕಡೆಯವು ಒಂದೊಂದಾಗಿ ಕಳಚಿಕೊಂಡವು. ಹೊರಗೆ ಕ್ರೇನುಗಳ ಮೇಲೆ ಬಿಳಿಚಿದ ಬಿಸಿಲು, ಧೂಳು. ನನ್ನ ಅಂಗೈಯಲ್ಲಿ ನೀಲಿ ಕಡಲು, ಅದರ ಮೇಲೆ ಯಾರೋ ಹಿಂದಿನಿಂದ ಬಂದು ಮೆಲ್ಲಗೆ, ತೀರ ಮೆಲ್ಲಗೆ, ಕೂದಲು ಒಟ್ಟುಗೂಡಿಸಿ ಹೆಣೆಯುತ್ತಿದ್ದಾರೆ ಎಂಬಂತೆ ಬಿಗಿಯಾಗುತ್ತ ಹೋದ ಆ ಎಳೆಗಳ ಜಡೆ. ಅದರ ತುದಿ ಕಛ್‌ನ ಕರಾವಳಿಯನ್ನು ಮುಟ್ಟಿತ್ತು.

ಭಾರತೀಯ ಹವಾಮಾನ ಇಲಾಖೆ ಹೇಳುತ್ತಿದ್ದ ಜಾಗವೂ ಅದೇ, ಜಖಾವು ಬಂದರಿನ ಆಸುಪಾಸು. ಸುಮಾರು ಒಂದು ಲಕ್ಷ ಜನರನ್ನು ಆ ತೀರದಿಂದ ಮೊದಲೇ ಸುರಕ್ಷಿತ ಜಾಗಗಳಿಗೆ ಸಾಗಿಸಿದ್ದರು. ಅಷ್ಟು ಜನ ಹೊರಟದ್ದು ಈ ಎಳೆಗಳನ್ನು ನಂಬಿ ಎಂದು ನೆನೆದಾಗ ಕಣ್ಣು ತುಂಬಿತು.

ಜೂನ್ 15ರ ಸಂಜೆ ಬಿಪರ್‌ಜಾಯ್ ಜಖಾವಿನ ಬಳಿ ನೆಲ ಮುಟ್ಟಿತು. ರಾತ್ರಿ ಪಾಳಿ ಮುಗಿಸಿ ಬಂದು ಮತ್ತೆ ನಕ್ಷೆ ತೆರೆದೆ. ಎಳೆಗಳೀಗ ಕಡಲು ಬಿಟ್ಟು ರಾಜಸ್ಥಾನದ ಮರಳಿನ ಮೇಲೆ ಹಾಯುತ್ತಿದ್ದವು.