ಹ್ಯಾಂಗರ್‌ಗೆ ಅಳತೆ, ಬಟ್ಟೆಗಲ್ಲ

ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡವರ ಗೃಹಪ್ರವೇಶಕ್ಕೆ ಹೋದ್ರೆ, ಊಟಕ್ಕೆ ಮುಂಚೆ ಬೆಡ್‌ರೂಮಿನ ವಾರ್ಡ್‌ರೋಬ್ ತೋರಿಸೋದು ಈಗ ಒಂದು ಶಾಸ್ತ್ರ. ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿಗೆ. ಹೊಳೆಯುವ ಲ್ಯಾಮಿನೇಟು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲು. ಎಲ್ಲರೂ ಹೊರಗಡೆಯದನ್ನು ಹೊಗಳ್ತಾರೆ. ನನ್ನ ತಕರಾರು ಇರೋದು ಒಳಗಡೆ.

ಇವುಗಳ ಆಳ ಹೆಚ್ಚುಕಡಿಮೆ ಎಲ್ಲಾ ಕಡೆ 2 ಅಡಿ. ಅದಕ್ಕೆ ಕಾರಣ ಇದೆ. ಹ್ಯಾಂಗರ್ ಅಗಲ 17-18 ಇಂಚು, ಅಂಗಿ ತೋಳು ಬಾಗಿಲಿಗೆ ಸಿಕ್ಕಿಕೊಳ್ಳಬಾರದು ಅಂದ್ರೆ ಅಷ್ಟು ಬೇಕು. 8x4 ಅಡಿಯ ಪ್ಲೈವುಡ್ ಶೀಟನ್ನು ಉದ್ದಕ್ಕೆ ಎರಡು ಸೀಳಿದರೆ ಸರಿಯಾಗಿ ಇದೇ ಅಳತೆ, ಹಾಳಾಗೋದೂ ಕಡಿಮೆ. ಸರಿ. ಆದ್ರೆ ನಮ್ಮ ಮನೆಗಳಲ್ಲಿ ನೇತುಹಾಕೋ ಬಟ್ಟೆ ಎಷ್ಟಿದೆ? ಆಫೀಸಿನ ಅಂಗಿ, ಮದುವೆಯಲ್ಲಿ ಹೊಲಿಸಿದ ಒಂದು ಸೂಟು, ಅಷ್ಟೇ. ಸೀರೆ, ಪಂಚೆ, ಟವೆಲ್ಲು, ಹೊದಿಕೆ, ಮಕ್ಕಳ ಬಟ್ಟೆ ಎಲ್ಲಾ ಮಡಚಿ ಇಡುವಂಥವು. ಮಡಚಿದ ಬಟ್ಟೆಗೆ 14-15 ಇಂಚು ಆಳ ಸಾಕು. 24 ಇಂಚು ಕೊಟ್ರೆ ಮುಂದೊಂದು ಸಾಲು, ಹಿಂದೊಂದು ಸಾಲು. ಹಿಂದಿನ ಸಾಲಿನ ದರ್ಶನ ಮನೆ ಬದಲಾಯಿಸುವಾಗಲೇ.

ಊರಿನ ಮಣ್ಣುಗೋಡೆಯ ಗೂಡಿಗೆ ಈ ರೋಗ ಇರ್ಲಿಲ್ಲ. ಗೋಡೆ ಎಷ್ಟು ದಪ್ಪವೋ ಅದಕ್ಕಿಂತ ಆಳ ಹೋಗೋಕೆ ಆಗಲ್ಲವಲ್ಲ, ಇಟ್ಟಿದ್ದೆಲ್ಲ ಕಣ್ಣಿಗೆ ಬೀಳ್ತಿತ್ತು. (ನುಸಿಗುಳಿಗೆ ವಾಸನೆಯ ಟ್ರಂಕನ್ನೂ ಹಿಂಗೇ ಹೊಗಳ್ತಾನೆ ಅನ್ಕೋಬೇಡಿ. ಅದು ಹೋದದ್ದು ಒಳ್ಳೇದೇ ಆಯ್ತು.) ಒಂದು ಸಲ ಹಾಕಿ ತೆಗೆದ ಬಟ್ಟೆಗೆ ಅಡ್ಡ ಕಟ್ಟಿದ ಬಿದಿರಿನ ಗಳ ಇತ್ತು. ಒಗೆಯೋಕೂ ಹಾಕದ, ಒಗೆದದ್ದರ ಜೊತೆಗೂ ಇಡಲಾಗದ ಆ ಪ್ಯಾಂಟಿಗೆ ಲಕ್ಷಗಟ್ಟಲೆ ಕೊಟ್ಟು ಮಾಡಿಸಿದ ವಾರ್ಡ್‌ರೋಬಿನಲ್ಲಿ ಜಾಗವೇ ಇಲ್ಲ. ಅದು ಕುರ್ಚಿ ಮೇಲೆ ಬೀಳ್ತದೆ, ಬೈಗುಳ ನಮಗೆ.

ಡಿಸೈನರ್ ತೋರಿಸೋ ತ್ರೀಡಿ ಚಿತ್ರ ನೋಡಿ. ಒಂದೇ ಬಣ್ಣದ ನಾಲ್ಕು ಅಂಗಿ, ಒಂದು ಬೆತ್ತದ ಬುಟ್ಟಿ. ಕಂಬಳಿ ಇಲ್ಲ, ಸೂಟ್‌ಕೇಸ್ ಇಲ್ಲ, ದಸರಾ ಗೊಂಬೆ ಡಬ್ಬ ಇಲ್ಲ. ಗ್ರಾಹಕನ ಡೇಟಾ ನೋಡದೆ ಸ್ಕ್ರೀನ್ ಮಾತ್ರ ಮಾಡಿದ ಸಾಫ್ಟ್‌ವೇರ್ ಇದ್ದಂಗೆ, ಡೆಮೋದಲ್ಲಿ ಅದ್ಭುತ.

ಇನ್ನು ಕೋಣೆಯ ಲೆಕ್ಕ. ಅಗಲ 10 ಅಡಿ. ವಾರ್ಡ್‌ರೋಬ್ 2, ಮಂಚ 6. ಮಂಚವನ್ನು ಆಚೆ ಗೋಡೆಗೆ ಒತ್ತಿದರೂ ಉಳಿದದ್ದು 2 ಅಡಿ. ಅಲ್ಲಿ 20 ಇಂಚಿನ ಡ್ರಾಯರ್ ಪೂರ್ತಿ ಎಳೆದ್ರೆ ನಿಲ್ಲೋಕೆ ಉಳಿಯೋದು 4 ಇಂಚು. ಮಂಚದ ಮೇಲೆ ಮಂಡಿಯೂರಿ ಚಡ್ಡಿ ಹುಡುಕಬೇಕು!

ಮರದ ವಿಷಯ ಚಿಕ್ಕದು. ವಾಟರ್‌ಪ್ರೂಫ್ ಅನ್ನೋ ಬಾಯಿಮಾತು ನಂಬದೆ ಶೀಟಿನ ಮೇಲೆ ಐಎಸ್ 710 ಅಂತ ಒತ್ತಿದೆಯಾ ನೋಡಿ. ಪಾರ್ಟಿಕಲ್ ಬೋರ್ಡಿನ ಬುಡಕ್ಕೆ ನೆಲ ಒರೆಸಿದ ನೀರು ಇಳೀತಾ ಹೋದ್ರೆ ರಸ್ಕಿನ ಹಾಗೆ ಉಬ್ಬುತ್ತೆ.

ನಾನು ಕಂಡದ್ದರಲ್ಲಿ ಸರಿಯಾದದ್ದು ಒಂದೇ, ಗೆಳೆಯನ ಮನೇದು. ಆ ಬಡಗಿ ಟೇಪು ತೆಗೆಯೋಕೆ ಮುಂಚೆ, “ಸಾರ್, ಇರೋ ಬಟ್ಟೆ ಎಲ್ಲಾ ಮಂಚದ ಮೇಲೆ ಹಾಕಿ” ಅಂದನಂತೆ. ನೇತುಹಾಕೋದಕ್ಕೆ 3 ಅಡಿ ಅಗಲ ಮಾತ್ರ, ಪೂರ್ತಿ ಆಳ. ಮಿಕ್ಕ ಭಾಗದ ಆಳ ಬರೀ 16 ಇಂಚು. ಮುಂದೆ ಉಳಿದ 8 ಇಂಚಿನಿಂದ ಡ್ರಾಯರ್ ಎದುರು ಮನುಷ್ಯ ನಿಲ್ಲಬಹುದು. ಆಳದ ಭಾಗ ಮುಂದಕ್ಕೆ ಚಾಚಿದ ಪಕ್ಕದಲ್ಲಿ ನಾಲ್ಕು ಕೊಕ್ಕೆ, ಕುರ್ಚಿ ಮೇಲಿನ ಪ್ಯಾಂಟಿಗೆ. ಇದೇ ನಕ್ಷೆ ಹಿಡಿದು ನಾನು ಒಂದು ಕಂಪನಿಗೆ ಹೋದಾಗ, “ಫಿನಿಶ್ ಒಂದೇ ಲೈನಲ್ಲಿ ಬರಲ್ಲ ಸಾರ್, ಶೀಟೂ ವೇಸ್ಟು” ಅಂದ್ರು. ಲೈನಿನ ಮಾತು ನಿಜ. ಶೀಟಿನದು ಸುಳ್ಳು. 4 ಅಡಿಯ ಶೀಟಲ್ಲಿ 16 ಇಂಚಿಗೆ ಕೂದಲೆಳೆ ಕಡಿಮೆಯ ಪಟ್ಟಿ ಸರಿಯಾಗಿ ಮೂರು ಬರ್ತವೆ.