ಪರೀಕ್ಷೆ ಸೋತರೆ ತಪ್ಪು ಯಾರದು?

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಎಂದೊಡನೆ ಹಾವೇರಿ ಜಿಲ್ಲೆಯ ಜನರಿಗೆ ಕಾಂತೇಶನೆಂದು ಕರೆಯಲಾಗುವ ಅಲ್ಲಿನ ಆಂಜನೇಯನ ಗುಡಿ ನೆನಪಾಗುತ್ತದೆ. ನನಗೆ ಮಾತ್ರ ಆ ಊರ ಹೆಸರು ಒಂದು ಲೆಕ್ಕದ ಜೊತೆಗೆ ನೆನಪಿನಲ್ಲಿ ಉಳಿದಿದೆ. ಕೆಲವು ವರ್ಷಗಳ ಹಿಂದೆ ಆ ಊರಿನಿಂದ ಬರುತ್ತಿದ್ದ ಭೌತಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಪೈಥಾನ್ ಭಾಷೆಯಲ್ಲಿ ಒಂದು ಪುಟ್ಟ ಲೈಬ್ರರಿ ಬರೆದಿದ್ದಳು. ಊರುಗಳ ಕನ್ನಡ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸಿ, ಪಟ್ಟಿಯಲ್ಲಿ ಎಷ್ಟು ಅಗಲದ ಕಾಲಂ ಬೇಕೆಂದು ಹೇಳುವುದು ಅದರ ಕೆಲಸ. ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲಿ ಪೈಥಾನ್ 2.7 ಇತ್ತು, ಅಲ್ಲಿ ಅವಳ ಟೆಸ್ಟ್‌ಗಳೆಲ್ಲ ಪಾಸಾದವು. ಹೊಸ ಕಂಪ್ಯೂಟರಿನಲ್ಲಿ ಪೈಥಾನ್ 3 ಇತ್ತು. ಅಲ್ಲಿ ಎಲ್ಲವೂ ಫೇಲಾದವು. ಹತ್ತಿರವಿದ್ದ ಹಿರಿಯರೊಬ್ಬರು, “ಟೆಸ್ಟ್ ತಗದ ಬಿಡವಾ, ಪ್ರೋಗ್ರಾಮ್ ಓಡತೈತಲ್ಲ” ಎಂದರು.

ಈ ಲೇಖನದ ಟೀಕೆ ಇರುವುದು ಆ ಸಲಹೆಯ ಮೇಲೆ. ಸಲಹೆ ಕೊಟ್ಟವರೊಬ್ಬರ ಮೇಲಲ್ಲ. ಅದು ನಮ್ಮಲ್ಲಿ ಅನೇಕರು ಕೊಡುವ ಸಲಹೆಯೇ.

ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಮ್‌ಗಳು ಕರೆದು ಬಳಸಿಕೊಳ್ಳಬಹುದಾದ ಸಿದ್ಧ ಆದೇಶಗಳ ಕಟ್ಟು. ಟೆಸ್ಟ್ ಎಂದರೆ ಆ ಕಟ್ಟಿನ ಜೊತೆಗೇ ಬರೆದಿಡುವ ಇನ್ನೊಂದು ಸಣ್ಣ ಪ್ರೋಗ್ರಾಮ್: ‘ಈ ಹೆಸರು ಕೊಟ್ಟರೆ ಈ ಉತ್ತರ ಬರಬೇಕು’ ಎಂದು ಅದು ಹೇಳುತ್ತದೆ, ಬರದಿದ್ದರೆ ದೂರುತ್ತದೆ. ಸ್ಕ್ರೂಗೇಜನ್ನು ಬಳಸುವ ಮೊದಲು ಶೂನ್ಯ ದೋಷ ನೋಡುತ್ತೇವಲ್ಲ, ಆ ಬಗೆಯ ಕೆಲಸ. ಶೂನ್ಯ ದೋಷ ಕಂಡಿತೆಂದು ಆ ತಪಾಸಣೆಯನ್ನೇ ಕೈಬಿಡುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ಈಗ ಅವಳ ಟೆಸ್ಟ್‌ಗಳನ್ನು ನೋಡೋಣ. ಪೈಥಾನ್ 2ರಲ್ಲಿ ಸಾಮಾನ್ಯ ಪದಸರಣಿ ಎಂದರೆ ಬೈಟ್‌ಗಳ ಸಾಲು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ 3 ಬೈಟ್‌ಗಳು ಬೇಕು. ‘ಕದರಮಂಡಲಗಿ’ಯಲ್ಲಿ ಕ, ದ, ರ, ಮ, ಅನುಸ್ವಾರ, ಡ, ಲ, ಗ, ಇಕಾರದ ಗುಡಿಸು ಹೀಗೆ 9 ಸಂಕೇತಗಳಿವೆ, ಆದ್ದರಿಂದ ಉದ್ದ 27 ಎಂದು ಪೈಥಾನ್ 2 ಹೇಳುತ್ತಿತ್ತು. ಇದನ್ನು ಕಂಡುಕೊಂಡ ವಿದ್ಯಾರ್ಥಿನಿ 27ನ್ನು 3ರಿಂದ ಭಾಗಿಸಿ 9 ಎಂಬ ಉತ್ತರ ಪಡೆದು, ಅದನ್ನೇ ಟೆಸ್ಟಿನಲ್ಲಿ ಬರೆದಳು. ‘ಬ್ಯಾಡಗಿ’ಗೆ 21 ಬೈಟ್, ಉತ್ತರ 7.

2008ರ ಡಿಸೆಂಬರ್ 3ರಂದು ಬಿಡುಗಡೆಯಾದ ಪೈಥಾನ್ 3.0 ಇಲ್ಲಿ ಎರಡು ನಿಯಮಗಳನ್ನು ಬದಲಿಸಿತು. ಮೊದಲನೆಯದು, ಪದಸರಣಿ ಈಗ ಬೈಟ್‌ಗಳ ಸಾಲಲ್ಲ, ಯೂನಿಕೋಡ್ ಸಂಕೇತಗಳ ಸಾಲು. ಕದರಮಂಡಲಗಿಯ ಉದ್ದ ನೇರವಾಗಿ 9. ಎರಡನೆಯದು, ಪೂರ್ಣಾಂಕಗಳನ್ನು ಸಾಮಾನ್ಯ ಭಾಗಾಕಾರ ಚಿಹ್ನೆಯಿಂದ ಭಾಗಿಸಿದರೆ ಭಿನ್ನಭಾಗ ಉದುರಿ ಹೋಗುವುದಿಲ್ಲ. 11ನ್ನು 2ರಿಂದ ಭಾಗಿಸಿದರೆ ಹಳೆಯದು 5 ಎನ್ನುತ್ತಿತ್ತು, ಹೊಸದು 5.5 ಎನ್ನುತ್ತದೆ. ಈ ಎರಡೂ ಕೂಡಿ ಕದರಮಂಡಲಗಿಗೆ 3.0 ಎಂಬ ಉತ್ತರ ಬಂತು. ಬ್ಯಾಡಗಿಗೆ ಎರಡೂ ಕಾಲಿಗಿಂತ ತುಸು ಹೆಚ್ಚು, ಅಂದರೆ 2.33 ಅಕ್ಷರ!

ಟೆಸ್ಟ್ ತೆಗೆದುಹಾಕಿದ್ದರೆ ಪ್ರೋಗ್ರಾಮ್ ನಿಜಕ್ಕೂ ಓಡುತ್ತಿತ್ತು. ಎರಡೂ ಕಾಲು ಅಕ್ಷರದ ಅಗಲಕ್ಕೆ ಕಾಲಂ ಕತ್ತರಿಸಿ, ಊರ ಹೆಸರುಗಳನ್ನು ಮೊಟಕುಗೊಳಿಸುತ್ತಿತ್ತು.

ಹೊಸ ಆವೃತ್ತಿಯನ್ನು ಬೈಯುವವರೂ ಇದ್ದಾರೆ. ಅವರ ದೂರಿನಲ್ಲಿ ಸ್ವಲ್ಪ ನ್ಯಾಯವಿದೆ. ಚೆನ್ನಾಗಿ ನಡೆಯುತ್ತಿದ್ದ ಲೆಕ್ಕವಿಲ್ಲದಷ್ಟು ಪ್ರೋಗ್ರಾಮ್‌ಗಳನ್ನು ಪೈಥಾನ್ 3 ಗೊತ್ತಿದ್ದೇ ಮುರಿಯಿತು. ಆದರೆ ಪೈಥಾನ್ 2ರ ಬೆಂಬಲ ಮೊದಲು 2015ಕ್ಕೆ ಮುಗಿಯಬೇಕಿದ್ದು, ಅದನ್ನು ವಿಸ್ತರಿಸಿ 2020ರ ಜನವರಿ 1ರವರೆಗೆ ಉಳಿಸಲಾಯಿತು. ಬದಲಾಯಿಸಿಕೊಳ್ಳಲು ಹನ್ನೊಂದು ವರ್ಷ ಸಿಕ್ಕಿತು. ಕನ್ನಡ ಬರೆಯುವವರ ದೃಷ್ಟಿಯಿಂದಂತೂ ಈ ಬದಲಾವಣೆ ಲಾಭದ್ದೇ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಹಾಗಾಗಿ ಹಳೆಯ ಪದ್ಧತಿಯ ದೋಷ ಅವರಿಗೆ ಬೇಗ ಕಾಣುತ್ತಿರಲಿಲ್ಲ, ನಮಗೆ ಮೊದಲ ಪದದಲ್ಲೇ ಕಾಣುತ್ತಿತ್ತು.

ವಿದ್ಯಾರ್ಥಿನಿ 3ರಿಂದ ಭಾಗಿಸುವುದನ್ನು ಬಿಟ್ಟಳು. ಕದರಮಂಡಲಗಿಗೆ 9, ಬ್ಯಾಡಗಿಗೆ 7 ಬಂದು ಟೆಸ್ಟ್‌ಗಳು ಮತ್ತೆ ಪಾಸಾದವು. ಇಲ್ಲಿಗೆ ಮುಗಿಯಿತೆಂದು ತಿಳಿಯುವುದು ಎರಡನೆಯ ತಪ್ಪು. ಒಂದನೇ ತರಗತಿಯ ಮಗುವನ್ನು ಕೇಳಿ ನೋಡಿ: ಕ-ದ-ರ-ಮಂ-ಡ-ಲ-ಗಿ, 7 ಅಕ್ಷರ, ಬ್ಯಾ-ಡ-ಗಿ, 3 ಅಕ್ಷರ. ಎಂದರೆ ಹಳೆಯ ಕಂಪ್ಯೂಟರಿನಲ್ಲಿ ಪಾಸಾದಾಗಲೂ ಅವಳ ಟೆಸ್ಟ್ ತಪ್ಪಾಗಿಯೇ ಇತ್ತು. ಪ್ರೋಗ್ರಾಮ್ ಕೊಟ್ಟ ಉತ್ತರವನ್ನೇ ಎತ್ತಿ ‘ಬರಬೇಕಾದ ಉತ್ತರ’ ಎಂದು ಬರೆದದ್ದರಿಂದ ಅದು ಪಾಸಾಗುತ್ತಿತ್ತು. ಹೊಸ ಆವೃತ್ತಿ ಬಾರದಿದ್ದರೆ ಈ ತಪ್ಪು ಇಂದಿಗೂ ತಿಳಿಯುತ್ತಿರಲಿಲ್ಲ.

ಹಾಗಾದರೆ ಓದುಗನು ಎಣಿಸುವಂತೆ ಎಣಿಸುವುದು ಹೇಗೆ? ಯೂನಿಕೋಡ್ ಸಂಸ್ಥೆ ಸಂಕೇತಗಳನ್ನು ಗುಂಪುಗೂಡಿಸುವ ನಿಯಮಗಳನ್ನು ಪ್ರಕಟಿಸಿದೆ. ಅದರಂತೆ ಅನುಸ್ವಾರವೂ ಸ್ವರಚಿಹ್ನೆಯೂ ತಮ್ಮ ವ್ಯಂಜನದೊಡನೆ ಸೇರುತ್ತವೆ. ಕದರಮಂಡಲಗಿಗೆ 7 ಸರಿಯಾಗಿ ಬರುತ್ತದೆ. ಆದರೆ ಬ್ಯಾಡಗಿಗೆ ಬ್-ಯಾ-ಡ-ಗಿ ಎಂದು 4 ಬರುತ್ತದೆ, ಏಕೆಂದರೆ ಒತ್ತಕ್ಷರವನ್ನು ಕೂಡಿಸುವ ನಿಯಮ ಅದರಲ್ಲಿ ಇರಲಿಲ್ಲ. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿ ಅಂಥ ನಿಯಮವೊಂದನ್ನು ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು; ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಒಂದೇ ಊರ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದರೆ 3, ಕನ್ನಡದಲ್ಲಿ ಬರೆದರೆ 4! ಇಂಥದ್ದನ್ನು ಹಿಡಿಯಬೇಕಾದರೆ ಒತ್ತಕ್ಷರವಿಲ್ಲದ ಕದರಮಂಡಲಗಿಯೊಂದನ್ನೇ ಟೆಸ್ಟಿಗೆ ಕೊಟ್ಟರೆ ಸಾಲದು, ಪಕ್ಕದ ಬ್ಯಾಡಗಿಯೂ ಬೇಕು.

ಎಲ್ಲ ಫೇಲುಗಳೂ ಇಷ್ಟು ಆಳವಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು. 2023ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.12, ಟೆಸ್ಟ್ ಬರೆಯಲು ಬಳಸುತ್ತಿದ್ದ ‘ಅಸರ್ಟ್ ಈಕ್ವಲ್ಸ್’ ಎಂಬ ಹಳೆಯ ಹೆಸರನ್ನು ತೆಗೆದುಹಾಕಿತು. ಕೊನೆಯ ‘ಎಸ್’ ಇಲ್ಲದ ಹೆಸರು ಮಾತ್ರ ಉಳಿಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಚ್ಚರಿಕೆ ಕೊಟ್ಟೇ ತೆಗೆದದ್ದು. ಇಲ್ಲಿ ಲೈಬ್ರರಿಯಲ್ಲಿ ದೋಷವಿಲ್ಲ. ಅಳೆಯುವ ಉಪಕರಣದ ಹಿಡಿ ಬದಲಾಗಿದೆ, ಅಷ್ಟೆ. ಹೆಸರು ತಿದ್ದಿದರೆ ಮುಗಿಯಿತು.

ಇನ್ನೊಂದು ಬಗೆಯದು, ಹೊರಗಿನ ಜ್ಞಾನ ಬೆಳೆದುದರಿಂದ ಆಗುವ ಫೇಲು. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ‘ನ್’ಗೆ ನಕಾರ ಪೊಲ್ಲು ಎಂಬ ಪ್ರತ್ಯೇಕ ರೂಪವಿದೆ. 2021ರ ಯೂನಿಕೋಡ್ 14ರಲ್ಲಿ ಅದಕ್ಕೆ 3293ನೆಯ ಸಂಕೇತ ದೊರೆಯಿತು. ಪೈಥಾನ್ 3.10ರಲ್ಲಿದ್ದ ಕೋಷ್ಟಕ ಯೂನಿಕೋಡ್ 13ರದು. ಅದಕ್ಕೆ ಈ ಅಕ್ಷರ ಗೊತ್ತಿಲ್ಲ. 2022ರ ಪೈಥಾನ್ 3.11ಕ್ಕೆ ಗೊತ್ತಿದೆ. ‘3293 ಖಾಲಿ ಸ್ಥಾನ’ ಎಂದು ಯಾರಾದರೂ ಟೆಸ್ಟ್ ಬರೆದಿದ್ದರೆ ಅದು 3.11ರಲ್ಲಿ ಫೇಲಾಗಲೇಬೇಕು. ಪ್ಲೂಟೊ ಸೇರಿ ಒಂಬತ್ತು ಗ್ರಹಗಳೆಂದು 2006ಕ್ಕೆ ಮೊದಲು ಮುದ್ರಿಸಿದ ಪಾಠದಂತೆ, ಇಲ್ಲಿ ತಿದ್ದಬೇಕಾದದ್ದು ಬರಬೇಕಾದ ಉತ್ತರವನ್ನು.

ಆದ್ದರಿಂದ ಟೆಸ್ಟ್ ಫೇಲಾದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಉಪಕರಣ ಬದಲಾಯಿತೇ? ಹೊರಗಿನ ಕೋಷ್ಟಕ ಬದಲಾಯಿತೇ? ಭಾಷೆಯ ಅರ್ಥವೇ ಬದಲಾಯಿತೇ? ಅಥವಾ ನಾವು ಮೊದಲಿನಿಂದಲೂ ತಪ್ಪನ್ನೇ ನಿರೀಕ್ಷಿಸಿದ್ದೆವೇ? ಪ್ರತಿಯೊಂದಕ್ಕೂ ಮದ್ದು ಬೇರೆ. ಟೆಸ್ಟನ್ನು ಅಳಿಸುವುದು ಇವುಗಳಲ್ಲಿ ಯಾವುದಕ್ಕೂ ಮದ್ದಲ್ಲ. ಹಳೆಯ ಆವೃತ್ತಿಯನ್ನೇ ಹಿಡಿದು ಕೂರುವುದು ಕೆಲವು ತಿಂಗಳ ಮಟ್ಟಿಗೆ ಉಪಾಯವಾದೀತು. ಬೆಂಬಲ ನಿಂತ ಮೇಲೆ ಭದ್ರತಾ ದೋಷಗಳನ್ನು ತಿದ್ದುವವರೂ ಇರುವುದಿಲ್ಲ.

ಪ್ರೋಗ್ರಾಮಿಂಗ್ ಕಲಿಸುವ ಅಧ್ಯಾಪಕರಿಗೆ ಎರಡು ಮಾತು. ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ನಾವು ಪ್ರೋಗ್ರಾಮ್ ಮತ್ತು ಉತ್ತರ ಇವೆರಡನ್ನೇ ನೋಡಿ ಸಹಿ ಹಾಕುತ್ತೇವೆ. ಬರಬೇಕಾದ ಉತ್ತರವನ್ನು ಪ್ರೋಗ್ರಾಮ್ ಓಡಿಸುವ ಮೊದಲೇ ಕೈಯಲ್ಲಿ ಲೆಕ್ಕ ಹಾಕಿ ಬರೆಸಿದರೆ ಚೆನ್ನ. ವೋಲ್ಟ್‌ಮೀಟರಿನ ವ್ಯಾಪ್ತಿಯನ್ನು ಬರೆಯಿಸುವಂತೆ ಭಾಷೆಯ ಆವೃತ್ತಿಯನ್ನೂ ಬರೆಯಿಸಬೇಕು. ಯಾವ ಆವೃತ್ತಿಯಲ್ಲಿ ಎಂದು ಹೇಳದ ಉತ್ತರ, ಮಾನವಿಲ್ಲದ ಅಳತೆಯಂತೆ ಅಪೂರ್ಣ.

ಆ ವಿದ್ಯಾರ್ಥಿನಿ ಟೆಸ್ಟ್ ತೆಗೆಯಲಿಲ್ಲ. ಬರಬೇಕಾದ ಉತ್ತರಗಳನ್ನು ಊರ ಹೆಸರುಗಳನ್ನು ಬಾಯಲ್ಲಿ ಹೇಳಿಕೊಂಡು ಬೆರಳಲ್ಲಿ ಎಣಿಸಿ ಬರೆದಳು. ಆಮೇಲೆ ಪ್ರೋಗ್ರಾಮನ್ನು ಅವುಗಳಿಗೆ ಹೊಂದಿಸಿದಳು. ‘ಹಾನಗಲ್’ ಬಂದಾಗ ಮಾತ್ರ ನಿಂತಳು. ಪ್ರಸ್ತಾರ ಹಾಕುವವರು ಕೊನೆಯ ‘ಲ್’ ಅನ್ನು ಬೇರೆ ಎಣಿಸದೆ ಹಿಂದಿನ ‘ಗ’ವನ್ನು ಗುರು ಮಾಡುತ್ತಾರೆ: 3. ಪಟ್ಟಿಯ ಕಾಲಮಿನಲ್ಲಿ ‘ಲ್’ಗೂ ಜಾಗ ಬೇಕು: 4. ಅವಳ ಲೈಬ್ರರಿ ಕಾಲಮಿಗಾಗಿ ಇದ್ದುದರಿಂದ 4 ಎಂದು ಬರೆದು, ಏಕೆಂಬುದನ್ನು ಪಕ್ಕದಲ್ಲಿ ಒಂದು ಸಾಲಿನಲ್ಲಿ ಕನ್ನಡದಲ್ಲೇ ವಿವರಿಸಿದಳು. ಅದಕ್ಕೆ ನಾನು ಸಂತೋಷದಿಂದ ಸಹಿ ಹಾಕಿದೆ.